ಜೋಡಿ ಅಚ್ಚಿನ ಕಾಲಾಣೆ

ಮೊನ್ನೆ ಮಾಗಡಿಯ ನಮ್ಮ ಬ್ಯಾಂಕಿನ ಕೌಂಟರಿಗೆ ಗುಡೇಮಾರನಹಳ್ಳಿಯ ಹೆಂಗಸೊಬ್ಬರು ಬಟ್ಟೆ ಚೀಲದ ತುಂಬ ಚಿಲ್ಲರೆ ತಂದು ಸುರಿದರು. ಚಿಲ್ಲರೆಯ ಜೊತೆ ಒಂದು ವಾಸನೆಯೂ ಸುರಿಯಿತು. ಪಕ್ಕದ ಕೌಂಟರಿನ ಹುಡುಗ ಮೂಗಿಗೆ ಕರ್ಚೀಫು ಹಿಡಿದ. ಆಕೆ ನಾಚಿಕೊಂಡು, "ಮನೇಲಿ ಗೂಡು ಬೇಯಿಸ್ತೀವಿ ಮೇಡಂ, ಚೀಲ ಅಲ್ಲೇ ನೇತಾಕಿದ್ದೆ" ಅಂದರು. ಪರವಾಗಿಲ್ಲ ಅಂದು ಚಿಲ್ಲರೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಕುದಿಯುವ ನೀರು, ರೇಷ್ಮೆಯ ಅಂಟು, ಸತ್ತ ಹುಳು, ಸೌದೆ ಹೊಗೆ ಇಷ್ಟೂ ಸೇರಿದ ಆ ವಾಸನೆ ಹೊರಗಿನವರಿಗೆ ಬರೀ ನಾತ. ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಮನೆಯಲ್ಲಿ ಹುಟ್ಟಿದ ನನಗೆ ಅದು ತಾಯಿಮನೆಯ ವಾಸನೆ. ಒಂದು ನಾಣ್ಯ ಎತ್ತಿಕೊಂಡೆ. ಯಾವಾಗಿನಂತೆ ಕಣ್ಣು ತಾನಾಗಿಯೇ ಇಸವಿಯ ಕೆಳಕ್ಕೆ ಹೋಯಿತು. ಅಲ್ಲಿ ಎಳ್ಳುಕಾಳಿಗಿಂತ ಚಿಕ್ಕದೊಂದು ಗುರುತಿರುತ್ತದೆ, ಆ ನಾಣ್ಯ ಯಾವ ಟಂಕಸಾಲೆಯಲ್ಲಿ ಹುಟ್ಟಿತೆಂದು ಹೇಳುವ ಗುರುತು. ವಜ್ರದ ಆಕಾರವಿದ್ದರೆ ಬೊಂಬಾಯಿ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಾದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತ. ಇದು ಬ್ಯಾಂಕಿನ ತರಬೇತಿಯಲ್ಲಿ ಕಲಿತದ್ದಲ್ಲ. ನಮ್ಮ ಖಲೀಲ್ ಚಾಚಾ ಕಲಿಸಿದ್ದು.

ಚಾಚಾ ಅಂದರೆ ನಮ್ಮಪ್ಪನ ತಮ್ಮ. ಅಬ್ಬಾ, ಅಮ್ಮಿ, ಚಾಚಾ, ಚಾಚಿ, ನಾನು, ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಮುಂದಿನ ಶೀಟಿನ ಶೆಡ್ಡಿನಲ್ಲಿ ನೂಲು ತೆಗೆಯುವ ಕೆಲಸ, ಹಿಂದಿನ ಮಾಳಿಗೆಯ ಎರಡು ಅಂಕಣದಲ್ಲಿ ಸಂಸಾರ. ಬೆಳಗಾಗುವ ಮೊದಲೇ ಒಲೆ ಹತ್ತಿಕೊಳ್ಳುತ್ತಿತ್ತು. ಹಬೆಯಲ್ಲಿ ಅಮ್ಮಿ, ಚಾಚಿ, ಕೆಲಸದ ಹೆಂಗಸರು ಮಸುಕು ಮಸುಕಾಗಿ ಕಾಣುತ್ತಿದ್ದರು. ಸದಾ ಬಿಸಿನೀರಲ್ಲಿ ಅದ್ದಿರುತ್ತಿದ್ದ ಅವರ ಬೆರಳುಗಳು ಬಿಳುಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಆ ಬೆರಳುಗಳಿಂದ ಅಮ್ಮಿ ನನ್ನ ಕೆನ್ನೆ ಸವರಿದರೆ ಕೆನ್ನೆಗೂ ಗೂಡಿನ ವಾಸನೆ ಹತ್ತುತ್ತಿತ್ತು. ಅಬ್ಬಾ ಮಾರ್ಕೆಟ್ಟಿಗೆ ಹೋಗಿ ಗೂಡು ಹರಾಜು ಕೂಗಿ ತರುವವರು, ಚಾಚಾ ಅದನ್ನು ಆರಿಸುವವರು. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಬಿಡುವುದುಂಟು. ಅಂಥ ಡಬಲ್ ಗೂಡಿನ ಎಳೆ ಸಿಕ್ಕಿಗೆ ಬಿದ್ದು ನೂಲು ಹಾಳಾಗುತ್ತದೆ. ಅದಕ್ಕೇ ಬೇಯಿಸುವ ಮೊದಲು ಅದನ್ನು ಆರಿಸಿ ಎತ್ತಿಡಬೇಕು. ಬೇರೆಯವರು ಗೂಡನ್ನು ಅಲ್ಲಾಡಿಸಿ ನೋಡಿ ಪತ್ತೆ ಮಾಡಿದರೆ, ಚಾಚಾ ಬುಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ ಕೈ ಹಾಕುತ್ತಿದ್ದರು. ಕೈಗೆ ಬಂದದ್ದು ಡಬಲ್ಲೇ ಆಗಿರುತ್ತಿತ್ತು. ಇಡೀ ಬೀದಿಯೇ ನಂಬಿದ ಕಣ್ಣು ಅದು. ರಂಜಾನ್ ತಿಂಗಳ ಕೊನೆಯಲ್ಲಿ ಚಂದ್ರನನ್ನು ಹುಡುಕುವಾಗಲೂ ಜನ ಆಕಾಶ ನೋಡುತ್ತಿರಲಿಲ್ಲ, ಮಾಳಿಗೆಯ ಮೇಲೆ ನಿಂತ ನಮ್ಮ ಚಾಚಾನ ಮುಖ ನೋಡುತ್ತಿದ್ದರು.

ಅವರಿಗೆ ನಾಣ್ಯದ ಹುಚ್ಚು ಹತ್ತಿದ್ದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ. ನೂಲು ಮಾರಲು ಹೋದಾಗ ಫುಟ್‌ಪಾತಿನ ಮೇಲೆ ಹಳೇ ನಾಣ್ಯ ಹರಡಿಕೊಂಡು ಕೂತ ಮುದುಕನೊಬ್ಬ ಇವರನ್ನು ಹಿಡಿದು ಕೂರಿಸಿಕೊಂಡು ಗುರುತುಗಳನ್ನು ತೋರಿಸಿದ್ದನಂತೆ. ಬರುವಾಗ ಚಾಚಿ ಹೇಳಿದ್ದ ಸೀರೆ ಮರೆತು ಒಂದು ಭೂತಗನ್ನಡಿ ತಂದರು. ಚಾಚಿ ಆ ಸೀರೆಯ ಮಾತನ್ನು ತಾವು ಬದುಕಿದ್ದ ತನಕ ಎತ್ತಿ ಎತ್ತಿ ಆಡಿದರು. ಹುಚ್ಚಿಗೆ ಜೊತೆಯಾದವರು ಕೂಟಗಲ್ಲಿನ ನಿಂಗಣ್ಣ. ಅವರು ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದ ರೈತರು, ಚಾಚಾಗೆ ಚಿಕ್ಕಂದಿನ ಗೆಳೆಯ. ಗೂಡು ತಂದ ದಿನ ಮಾರ್ಕೆಟ್ಟಿನಿಂದ ನೇರ ನಮ್ಮ ಶೆಡ್ಡಿಗೆ ಬಂದು, ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಚಾಪೆಯ ಮೇಲೆ ಸುರಿದು, ಟೀ ಕುಡಿಯುತ್ತಾ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಆಡುತ್ತಿದ್ದುದು ಉರ್ದು. ಆದರೆ ನಾಣ್ಯದ ಮಾತು ಮಾತ್ರ ನಿಂಗಣ್ಣನ ದೆಸೆಯಿಂದ ಪೂರಾ ಕನ್ನಡವಾಗಿಬಿಟ್ಟಿತ್ತು. ನಿಂಗಣ್ಣ ಇಲ್ಲದಾಗಲೂ ಚಾಚಾ ಭೂತಗನ್ನಡಿ ಕೈಗೆತ್ತಿಕೊಂಡರೆಂದರೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು.

"ಏನ್ಲಾ ಖಲೀಲ, ಕಾಸ್ನ ಹಿಂಗ್ ಮೂಸ್ತಾ ಕುಂತಿದ್ದೀಯಲ್ಲ, ಕೊಬ್ರಿ ಗಿಬ್ರಿ ಐತಾ ಅದ್ರೊಳಗೆ?" ಎಂದು ನಿಂಗಣ್ಣ ಛೇಡಿಸುತ್ತಿದ್ದರು. "ಸುಮ್ಕಿರ್ಲಾ ನಿಂಗ, ನೀನ್ ಬರೀ ಉಳ ಸಾಕು" ಎಂದು ಚಾಚಾ ತಲೆಯೆತ್ತದೆ ಉತ್ತರ ಕೊಡುತ್ತಿದ್ದರು. ಶೆಡ್ಡಿನ ಬಾಗಿಲ ಬಳಿ ಬಿಸಿಲು ಬೀಳುವ ಜಾಗವೇ ನಮ್ಮ ಶಾಲೆ. ಹೈದರಾಬಾದಿನವರು ಒಂದೇ ಗುರುತಿಗೆ ನಿಂತವರಲ್ಲ, ಒಂದು ಕಾಲಕ್ಕೆ ನಡುವೆ ಸೀಳಿದ ವಜ್ರ ಹಾಕಿದರು, ಇನ್ನೊಂದು ಕಾಲಕ್ಕೆ ವಜ್ರದೊಳಗೆ ಚುಕ್ಕೆ ಇಟ್ಟರು, ಆಮೇಲೆ ನಕ್ಷತ್ರಕ್ಕೆ ಬಂದರು ಎಂದು ಚಾಚಾ ತೋರಿಸುತ್ತಿದ್ದರು. ಬ್ರಿಟಿಷರ ಕಾಲದ ಕೊನೆಯ ಕಾಸುಗಳಲ್ಲಿ ಲಾಹೋರಿನ ಎಲ್ ಅಕ್ಷರ ಸಿಕ್ಕಿದ ದಿನವಂತೂ ಅವರು ಊಟಕ್ಕೇ ಏಳಲಿಲ್ಲ. ಲಾಹೋರು ಎಲ್ಲಿದೆ ಎಂದು ನಾನು ಕೇಳಿದ್ದಕ್ಕೆ, "ಈಗ ಪಾಸ್‌ಪೋರ್ಟ್ ಬೇಕು ಮಗಾ ಅಲ್ಲಿಗೆ, ಈ ಕಾಸು ಟಿಕೇಟೇ ಇಲ್ದಂಗೆ ಬಂದೈತೆ" ಅಂದರು. ಅವರು ನಕ್ಕರೆ ಮೊದಲು ಭುಜ ಅಲ್ಲಾಡುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು.

ಆದರೆ ಅವರು ನಿಜವಾಗಿ ಹುಡುಕುತ್ತಿದ್ದುದು ಟಂಕಸಾಲೆಯ ಗುರುತನ್ನಲ್ಲ, ಜೋಡಿ ಅಚ್ಚನ್ನು. ನಾಣ್ಯ ಹೊಡೆಯುವ ಉಕ್ಕಿನ ಅಚ್ಚನ್ನು ತಯಾರಿಸುವಾಗ ಎರಡು ಸಲ ಒತ್ತುತ್ತಾರಂತೆ. ಎರಡನೆಯ ಸಲ ಕೂದಲೆಳೆಯಷ್ಟು ಜರುಗಿದರೂ ಅಕ್ಷರಗಳೆಲ್ಲ ಜೋಡಿಯಾಗಿ ಮೂಡುತ್ತವೆ. ಅಂಥ ಅಚ್ಚಿನಲ್ಲಿ ಹೊಡೆದ ನಾಣ್ಯ ಅಪರೂಪ. ಮೋಸಹೋಗುವುದಕ್ಕೂ ಬೇಕಾದಷ್ಟು ದಾರಿಗಳಿದ್ದವು. ನಾಣ್ಯ ಹೊಡೆಯುವ ಹೊತ್ತಿನಲ್ಲಿ ಅಚ್ಚು ಅಲುಗಿದರೂ ಜೋಡಿಯ ಹಾಗೆ ಕಾಣುತ್ತದೆ, ಆದರೆ ಅದು ಅಕ್ಷರದ ಪಕ್ಕ ಮೆಟ್ಟಿಲು ಕಡಿದಂತೆ ಚಪ್ಪಟೆಯಾಗಿರುತ್ತದೆ, ಅದಕ್ಕೆ ಬೆಲೆಯಿಲ್ಲ. ನಿಜವಾದ ಜೋಡಿಯಲ್ಲಿ ಎರಡೂ ಅಕ್ಷರಕ್ಕೆ ದುಂಡಗಿನ ಮೈಯಿರುತ್ತದೆ, ತುದಿಯಲ್ಲಿ ಸೀಳಿರುತ್ತದೆ. "ಗೂಡಲ್ಲಿ ಡಬಲ್ ಬಂದ್ರೆ ಎತ್ತಾಕ್ತೀವಿ, ಕಾಸಲ್ಲಿ ಡಬಲ್ ಬಂದ್ರೆ ಎದೆಗವುಚ್ಕೋತೀವಿ, ನೋಡು ನಸೀ" ಎಂದು ನನಗೆ ಹೇಳುತ್ತಿದ್ದರು. ನನ್ನ ಹೆಸರು ನಸೀಮಾ. ನಸೀ ಎಂದು ಕರೆಯುತ್ತಿದ್ದವರು ಅವರೊಬ್ಬರೇ.

ಅವರ ಕಣ್ಣಿಗೆ ಬಿದ್ದ ಮೊದಲ ಜೋಡಿ ಅಚ್ಚು ನಿಂಗಣ್ಣನದು. ನಿಂಗಣ್ಣನ ತಾಯಿ ತೀರಿಕೊಂಡಾಗ ಆಕೆಯ ಎಲೆಯಡಿಕೆ ಚೀಲದಲ್ಲಿ ಒಂದು ತಾಮ್ರದ ಕಾಲಾಣೆ ಸಿಕ್ಕಿತ್ತು. ಸುಣ್ಣ ಮೆತ್ತಿ ಹಸಿರುಗಟ್ಟಿದ್ದ ಅದನ್ನು ಚಾಚಾ ಹುಣಸೇಹಣ್ಣಿನಿಂದ ತೊಳೆಯಲು ಬಿಡಲಿಲ್ಲ, ಎಣ್ಣೆಯಲ್ಲಿ ನೆನೆಹಾಕಿದರು. ಸುಣ್ಣ ಬಿಟ್ಟಮೇಲೆ ನೋಡಿದರೆ ಇಸವಿಯ ಅಂಕಿಗಳೆಲ್ಲ ಜೋಡಿ ಜೋಡಿ. ನನ್ನ ಕಣ್ಣಿಗೂ ಕಂಡಿತು, ನಿಂಗಣ್ಣನಿಗೂ ಕಂಡಿತು. "ಇಟ್ಕಳ್ಲಾ, ನಂಗೇನ್ಮಾಡಕ್ಕೆ" ಎಂದು ನಿಂಗಣ್ಣ ಎಷ್ಟು ಹೇಳಿದರೂ ಚಾಚಾ ಒಪ್ಪಲಿಲ್ಲ. "ಅವ್ವಂದು ಕಣ್ಲಾ ಅದು, ಬಾಕ್ಸಲ್ಲಿಡು. ನಾನೂ ಒಂದು ಹುಡುಕ್ತೀನಿ. ನನ್ ಕೈಯಲ್ಲೇ ಸಿಗ್ಬೇಕು." ಅಂದಿನಿಂದ ಅದೊಂದೇ ಆಸೆ. ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ. ಮನುಷ್ಯನಿಗೆ ಬೇರೇನೂ ದೊಡ್ಡ ಆಸೆ ಇರಲಿಲ್ಲ. ಮಾರುವುದಕ್ಕಲ್ಲ, ತಾನೂ ಒಂದನ್ನು ಕಂಡೆ ಅನ್ನುವುದಕ್ಕೆ.

ಒಂದು ವರ್ಷ, ರಂಜಾನಿಗೆ ಇನ್ನೂ ಕೆಲವು ವಾರಗಳಿದ್ದಾಗ, ಅದು ಸಿಕ್ಕಿತು. ಬಿಸಿಲಲ್ಲಿ ಕೂತಿದ್ದ ಚಾಚಾ "ಯಾ ಅಲ್ಲಾ" ಎಂದು ಕೂಗಿದ್ದಕ್ಕೆ ಚಾಚಿ ಏನೋ ಸುಟ್ಟುಕೊಂಡರೆಂದು ಓಡಿಬಂದರು. ಯಾವುದೋ ಸಾಧಾರಣ ಐವತ್ತು ಪೈಸೆ, ಕೆಳಗೆ ನಕ್ಷತ್ರ. ಭೂತಗನ್ನಡಿಯನ್ನು ಕೈಯಿಂದ ಕೈಗೆ ದಾಟಿಸಿ ನಾವೆಲ್ಲ ನೋಡಿದೆವು. ನನಗೇನೂ ಕಾಣಲಿಲ್ಲ. ಇಲ್ಲ ಚಾಚಾ ಅಂದೆ. "ನಿನ್ ಕಣ್ಣು ಇನ್ನೂ ಎಳೇದು ಮಗಾ, ಪಳಗ್ಬೇಕು" ಅಂದರು. ಅಬ್ಬಾ, ಅಮ್ಮಿ ಯಾರಿಗೂ ಕಾಣಲಿಲ್ಲ. ಆದರೆ ಅವರಿಗೆ ಕಾಣುವುದು ನಮಗೆ ಕಾಣದಿರುವುದೇ ಆ ಮನೆಯ ರೂಢಿ. ಗೂಡಿನಲ್ಲೂ ಹಾಗೆ, ಚಂದ್ರನಲ್ಲೂ ಹಾಗೆ. ಯಾರಿಗೂ ಅನುಮಾನ ಬರಲಿಲ್ಲ. ಚಾಚಿ ಸಜ್ಜಿಗೆ ಕೆದಕಿ ಬೀದಿಗೆಲ್ಲ ಹಂಚಿದರು. ವಾರ ಕಳೆಯುವುದರೊಳಗೆ ಇನ್ನೊಂದು ಸಿಕ್ಕಿತು, ಆಮೇಲೆ ಮತ್ತೊಂದು. ನಿಂಗಣ್ಣ ಹಲಸಿನ ಹಣ್ಣು ಹೊತ್ತು ತಂದು, "ನಿನ್ ಗ್ರಹಚಾರ ಬಿಡ್ತು ಕಣ್ಲಾ, ಎಲ್ಲಾ ಒಟ್ಟಿಗೇ ಬಂದ್ ಬೀಳ್ತಾವೆ" ಎಂದು ಬೆನ್ನು ತಟ್ಟಿದರು. ನಮ್ಮ ಮನೆ ಅಷ್ಟು ಸಂತೋಷವಾಗಿದ್ದ ಇನ್ನೊಂದು ಕಾಲ ನನಗೆ ನೆನಪಿಲ್ಲ.

ಅದೇ ದಿನಗಳಲ್ಲಿ ಚಾಚಾ ಸಂಜೆ ಉಪವಾಸ ಬಿಡುವಾಗ ಟೀ ಲೋಟಕ್ಕೆ ಕೈ ಚಾಚಿ ಗಾಳಿಯನ್ನು ಹಿಡಿಯುತ್ತಿದ್ದರು. ಒಳ್ಳೆಯ ಗೂಡನ್ನೇ ಡಬಲ್ ಎಂದು ಎತ್ತಿಟ್ಟು ಅಬ್ಬಾನ ಕೈಲಿ ಅನ್ನಿಸಿಕೊಂಡರು. ಉಪವಾಸದ ತಿಂಗಳು ಶುರುವಾಗಿತ್ತು, ನಿತ್ರಾಣ ಇರಬೇಕೆಂದು ಎಲ್ಲರೂ ಅಂದುಕೊಂಡೆವು. ಒಂದು ಶುಕ್ರವಾರ ನಮಾಜು ಮುಗಿಸಿ ಬಂದವರು ತಮ್ಮ ಜೋಡಿ ಅಚ್ಚುಗಳನ್ನೆಲ್ಲ ಬಿಳೀ ಬಟ್ಟೆಯ ಮೇಲೆ ಟಂಕಸಾಲೆಯ ಪ್ರಕಾರ ಜೋಡಿಸಿದರು. ವಜ್ರದವು ಒಂದು ಕಡೆ, ನಕ್ಷತ್ರದವು ಒಂದು ಕಡೆ, ಚುಕ್ಕೆಯವು, ಗುರುತಿಲ್ಲದ ಕಲ್ಕತ್ತದವು ಬೇರೆ ಬೇರೆ ಕಡೆ. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತಾ ಹೋದವರು ಒಂದು ಕಡೆ ನಿಂತರು. ಒಂದು ನಾಣ್ಯವನ್ನು ತಲೆಕೆಳಗಾಗಿ ತಿರುಗಿಸಿ ನೋಡಿದರು. ಮತ್ತೆ ಅಡ್ಡಲಾಗಿ ತಿರುಗಿಸಿದರು. ಇನ್ನೊಂದನ್ನೂ ಹಾಗೇ ಮಾಡಿದರು. ಆಟವಾಡುತ್ತಿದ್ದಾರೆಂದು ನಾನೂ ಒಂದನ್ನು ಬುಗುರಿಯಂತೆ ತಿರುಗಿಸಿದೆ. ಅವರು ನಗಲಿಲ್ಲ. "ನಸೀ, ಅಚ್ಚಲ್ಲಿ ಜೋಡಿ ಇದ್ರೆ ಕಾಸು ತಿರುಗಿಸ್ದಾಗ ಅದೂ ತಿರುಗ್ಬೇಕು, ಅಲ್ವಾ?" ಅಂದರು. ಹೌದು ಚಾಚಾ ಅಂದೆ. "ಇವು ಹೆಂಗ್ ತಿರುಗ್ಸಿದ್ರೂ ನೆರಳು ಅಲ್ಲೇ ನಿಂತದೆ. ಬೊಂಬಾಯಿದೂ ಅಲ್ಲೇ, ಹೈದ್ರಾಬಾದಿಂದೂ ಅಲ್ಲೇ. ಒಸಿ ಮೇಲಕ್ಕೆ, ಬಲಕ್ಕೆ." ಆಮೇಲೆ ಬಟ್ಟೆಯ ನಾಲ್ಕು ಮೂಲೆ ಹಿಡಿದು ನಾಣ್ಯಗಳನ್ನೆಲ್ಲ ಒಟ್ಟಿಗೆ ಗಂಟು ಕಟ್ಟಿದರು. ಅಷ್ಟು ಹೊತ್ತು ಬೇರೆ ಬೇರೆ ಮಾಡಿದ್ದನ್ನು ಹಾಗೆ ಕಲಸಿಬಿಟ್ಟರಲ್ಲ ಎಂದು ನನಗೆ ಬೇಜಾರಾಯಿತು.

ಹಬ್ಬದ ಚಂದ್ರ ಕಾಣಬೇಕಾದ ಸಂಜೆ ಎಂದಿನಂತೆ ಮಾಳಿಗೆ ಹತ್ತಿದೆವು. ಪಡುವಣದ ಬಂಡೆಗಳ ಹಿಂದೆ ಸೂರ್ಯ ಇಳಿದಿದ್ದ, ಬಂಡೆಗಳು ಕಪ್ಪಾಗಿ ಆಕಾಶ ಮಾತ್ರ ಕಿತ್ತಳೆಯಾಗಿತ್ತು. ಅಕ್ಕಪಕ್ಕದ ಮಾಳಿಗೆಗಳ ತುಂಬ ಜನ. ಕೆಳಗೆ ಬೀದಿಯಲ್ಲಿ ಮಕ್ಕಳು ಪಟಾಕಿ ಹಿಡಿದು ಕಾಯುತ್ತಿದ್ದರು. "ಕಾಣ್ತಾ ಖಲೀಲ್ ಭಾಯ್?" ಎಂದು ಯಾರೋ ಕೂಗಿದರು. ಚಾಚಾನ ಕಣ್ಣು ಬಂಡೆಯ ಮೇಲುಗಡೆ ಒಂದು ಕಡೆ ನೆಟ್ಟಿತ್ತು. ಬಲಗೈಯಿಂದ ಒಂದು ಕಣ್ಣು ಮುಚ್ಚಿಕೊಂಡರು, ತೆಗೆದರು, ಮತ್ತೆ ಮುಚ್ಚಿಕೊಂಡರು. ಆಮೇಲೆ ನನ್ನನ್ನು ಮುಂದಕ್ಕೆ ಎಳೆದು ನಿಲ್ಲಿಸಿಕೊಂಡು, ಗಲ್ಲ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದರು. ಅವರ ಬೆರಳು ತಣ್ಣಗಿತ್ತು. ಉಗುರಿನ ಚೂರಿನಂಥ ಚಂದ್ರ ನನಗೂ ಕಂಡಿತು. ಖುಷಿಯಿಂದ ಕೂಗಬೇಕೆಂದಿದ್ದೆ, ಅಷ್ಟರಲ್ಲಿ ಅವರು ಕಿವಿಯ ಹತ್ತಿರ ಬಗ್ಗಿ ಕೇಳಿದರು. "ಎಷ್ಟಿದಾವೆ ನಸೀ?"

"ಒಂದೇ ಚಾಚಾ."

"ಆಗಾದ್ರೆ ಸರಿ" ಅಂದರು. ಬೆನ್ನು ನೆಟ್ಟಗೆ ಮಾಡಿ, ಇಡೀ ಬೀದಿಗೆ ಕೇಳುವಂತೆ "ಚಾಂದ್ ಮುಬಾರಕ್!" ಎಂದು ಕೂಗಿದರು. ಪಟಾಕಿ ಹಾರಿದವು, ಮಾಳಿಗೆಯಿಂದ ಮಾಳಿಗೆಗೆ ಜನ ಕೈ ಬೀಸಿದರು. ಅವರಿಗೆ ಎರಡು ಚಂದ್ರ ಕಂಡಿದ್ದವು. ಹಬ್ಬ ಮುಗಿಯುವ ತನಕ ಆ ಮಾತನ್ನು ಅವರು ಹೊಟ್ಟೆಯಲ್ಲೇ ಇಟ್ಟುಕೊಂಡರು. ಹೊಸ ಬಟ್ಟೆ ಹಾಕಿ ನಮಾಜಿಗೆ ಹೋದರು, ನಮಗೆಲ್ಲ ಈದಿ ಎಂದು ಹಬ್ಬದ ದುಡ್ಡು ಕೊಟ್ಟರು, ಮೂರನೆಯ ದಿನ ಅಬ್ಬಾನನ್ನು ಶೆಡ್ಡಿನ ಹಿಂದೆ ಕರೆದುಕೊಂಡು ಹೋಗಿ ಹೇಳಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಿದುಳಿನ ಬುಡದಲ್ಲಿ ಗಡ್ಡೆ ಇದೆ ಅಂದರು. ಅದು ಕಣ್ಣಿನ ನರವನ್ನು ಒತ್ತುತ್ತಿದೆ, ಅದಕ್ಕೇ ಎರಡೆರಡು ಕಾಣುವುದು, ಕೈ ಹಾಕುವಂತಿಲ್ಲ ಎಂದೂ ಅಂದರು. ಒಂದು ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿ ಕಳುಹಿಸಿದರು. ಒಂದೇ ಕಣ್ಣಿನಲ್ಲಿ ನೋಡಿದರೆ ಎಲ್ಲವೂ ಒಂದೊಂದೇ ಕಾಣುತ್ತಿತ್ತು. ಮನೆಗೆ ಬಂದ ಚಾಚಾ ಮೊದಲು ಕೇಳಿದ್ದು ಆ ಬಟ್ಟೆ ಗಂಟನ್ನು. ಬೇಡವೆಂದು ಚಾಚಿ ಅತ್ತರು. ಅವರು ಬಿಡಲಿಲ್ಲ. ಬಿಸಿಲಲ್ಲಿ ಕೂತು, ಉಳಿದೊಂದು ಕಣ್ಣಿನಿಂದ, ತಾವು ಕಂಡ ಜೋಡಿಗಳನ್ನೆಲ್ಲ ಒಂದೊಂದಾಗಿ ನೋಡಿ ಪಕ್ಕಕ್ಕಿಟ್ಟರು. ಒಂದೂ ಉಳಿಯಲಿಲ್ಲ. "ಟಂಕಸಾಲೆಯೋರ್ದು ತಪ್ಪಿಲ್ಲ ಮಗಾ. ಪಾಪ, ಸರಿಯಾಗೇ ಹೊಡ್ದವ್ರೆ" ಎಂದು ನಕ್ಕರು. ಭುಜ ಅಲ್ಲಾಡಿತು, ಸದ್ದು ಬರಲಿಲ್ಲ. ಅಷ್ಟರಲ್ಲಿ ಸುದ್ದಿ ತಿಳಿದು ಓಡಿಬಂದಿದ್ದ ನಿಂಗಣ್ಣ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿ ಹಿಂದಕ್ಕೆ ಹೋದರು. ಮಾರನೆಯ ದಿನ ತಾಯಿಯ ಕಾಲಾಣೆ ತಂದು ಗೆಳೆಯನ ಅಂಗೈಯಲ್ಲಿಟ್ಟರು. ಚಾಚಾ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ನಾಣ್ಯ ತಿರುಗಿಸಿದರು, ಜೋಡಿಯೂ ಅದರ ಜೊತೆಗೇ ತಿರುಗಿತು. "ಇದೈತೆ ಕಣ್ಲಾ ನಿಂಗ, ಇದು ನಿಜವಾಗ್ಲೂ ಐತೆ" ಎಂದು ಮಗುವಿನಂತೆ ಹಿಗ್ಗಿದರು. ನಿಂಗಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಗಂಡಸರು ಅಳುವುದನ್ನು ನಾನು ಮೊದಲು ನೋಡಿದ್ದು ಆಗ.

ಮುಂದಿನ ರಂಜಾನಿಗೆ ಚಾಚಾ ಇರಲಿಲ್ಲ. ಅವರು ಹೋದ ದಿನ ಗೂಡು ಬೇಯಿಸಲಿಲ್ಲ. ಶೆಡ್ಡಿನಲ್ಲಿ ಹಬೆಯಿಲ್ಲದೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದುದೇ ನನಗೆ ಭಯವಾಗಿತ್ತು. ಸ್ನಾನ ಮಾಡಿಸಿ, ಬಿಳೀ ಬಟ್ಟೆ ಸುತ್ತಿ, ಕೊನೆಯ ಸಲ ಮುಖ ನೋಡಲು ಬಿಟ್ಟಾಗ ನಿಂಗಣ್ಣ ಹತ್ತಿರ ಬಂದರು. ಅವರ ಕೈಯಲ್ಲಿ ಆ ಕಾಲಾಣೆಯಿತ್ತು. ಅವರ ಕಡೆ ಹೆಣದ ಹಣೆಗೆ ಕಾಸು ಇಟ್ಟು ಕಳುಹಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ, ಕಫನಿನ ಬಟ್ಟೆಯ ಹೊರತು ಇನ್ನೇನೂ ಜೊತೆಗೆ ಹೋಗುವಂತಿಲ್ಲ. ನಿಂಗಣ್ಣನಿಗೆ ಅದು ಹೊಳೆದೇ ಇರಲಿಲ್ಲ. ನಾಣ್ಯವನ್ನು ಹಣೆಗೆ ಇಡಲು ಬಗ್ಗಿದಾಗ ಹಿರಿಯರೊಬ್ಬರು ಮೆಲ್ಲಗೆ ಅವರ ಕೈ ಹಿಡಿದರು. ನಿಂಗಣ್ಣ ಸುತ್ತ ನೋಡಿ, ಎಲ್ಲೋ ದಾರಿ ತಪ್ಪಿದವರಂತೆ, "ಬರೀ ಹಣೇಲಿ ಹೆಂಗ್ ಕಳ್ಸದು ಸ್ವಾಮಿ, ನಮ್ಮಲ್ಲಿ ಹಂಗ್ ಕಳ್ಸಕಿಲ್ಲ" ಅಂದರು. ಕೊನೆಗೆ ಅಬ್ಬಾನೇ, "ಒಂದ್ಸಲ ಮುಟ್ಸು ನಿಂಗಣ್ಣ, ಮುಟ್ಸಿ ತಗೋ" ಅಂದರು. ಹಿರಿಯರು ಕೈ ಬಿಟ್ಟರು. ನಿಂಗಣ್ಣ ಕಾಲಾಣೆಯನ್ನು ಚಾಚಾನ ಹಣೆಗೆ ಒತ್ತಿ, ಸ್ವಲ್ಪ ಹೊತ್ತು ಹಿಡಿದಿದ್ದು, ತೆಗೆದರು. ಹೊರಗೆ ಬಂದು ಹೆಂಗಸರ ನಡುವೆ ನಿಂತಿದ್ದ ನನ್ನ ಕೈಗೆ ಅದನ್ನು ಹಾಕಿ, ಬೆರಳುಗಳನ್ನು ಮಡಚಿದರು.

ಈಗ ಆ ಮನೆಯಿಲ್ಲ. ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ, ಮಾಳಿಗೆಯಿದ್ದ ಎತ್ತರದಲ್ಲಿ ಯಾರದೋ ಮೊದಲನೆಯ ಮಹಡಿಯ ಅಡುಗೆಮನೆ. ಅಬ್ಬಾ, ಅಮ್ಮಿ, ಚಾಚಿ ಒಬ್ಬರ ಹಿಂದೆ ಒಬ್ಬರು ಹೋದರು, ನಿಂಗಣ್ಣನೂ ಹೋದರು. ಅವರ ಹಣೆಗೆ ಯಾವ ಕಾಸು ಇಟ್ಟರೋ, ನನಗೆ ಸುದ್ದಿ ಸಿಕ್ಕಿದ್ದೇ ತಡವಾಗಿ. ಅವರ ತಾಯಿಯ ಕಾಲಾಣೆ ಅವರಿಗೇ ಸಲ್ಲಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಅದು ನನ್ನ ಬಳಿಯೇ ಉಳಿಯಿತು. ಆಗಾಗ ತೆಗೆದು ಬಿಸಿಲಿಗೆ ಹಿಡಿದು ತಿರುಗಿಸುತ್ತೇನೆ. ಜೋಡಿ ಅದರ ಜೊತೆಗೇ ತಿರುಗುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇರಬಹುದು, ಬೇರೆ ಯಾರಿಗೂ ಬೇಡದ, ಕೈಗೆತ್ತಿಕೊಂಡರೆ ಕೆಳಗಿಡಲು ಆಗದ ವಸ್ತು.

ಈ ಸಲವೂ ರಂಜಾನಿನ ಕೊನೆಯ ಸಂಜೆ ಮಾಗಡಿಯ ಬಾಡಿಗೆ ಮನೆಯ ತಾರಸಿಗೆ ಹೋಗಿದ್ದೆ. ಈಗ ಚಂದ್ರನ ಸುದ್ದಿ ಫೋನಿಗೇ ಬರುತ್ತದೆ, ತಾರಸಿಯಲ್ಲಿ ನನ್ನ ಹೊರತು ಒಣಹಾಕಿದ ಬಟ್ಟೆಗಳಷ್ಟೇ ಇದ್ದವು. ಪಡುವಣದಲ್ಲಿ ತೆಳ್ಳನೆಯ ಚಂದ್ರ ಕಂಡಿತು. ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿದೆ, ತೆರೆದೆ. ಎರಡು ಕಂಡರೆ ಏನು ಗತಿ ಎಂಬ ಹೆದರಿಕೆ ಪ್ರತಿವರ್ಷವೂ ಒಂದು ಕ್ಷಣ ಬರುತ್ತದೆ. ಹಾಗೆಯೇ, ಎರಡು ಕಾಣಬಾರದೇ ಎಂಬ ಹುಚ್ಚು ಆಸೆಯೂ ಬರುತ್ತದೆ. ಒಂದೇ ಇತ್ತು.

"ಒಂದೇ ಚಾಚಾ" ಅಂದೆ. ಆಗಾದ್ರೆ ಸರಿ ಅನ್ನುವವರು ಯಾರೂ ಇರಲಿಲ್ಲ.